ಸದ್ದು ಮಾಡದ ಮೂರನೇ ಸಾಲು

ಆ ಭಾನುವಾರ ಮಧ್ಯಾಹ್ನ ನಾನೊಂದು ಶಪಥ ಮಾಡಿದೆ: ಈ ಮನೆಯ ಕಂಪ್ಯೂಟರಿನ ಬಾಯನ್ನು ಇವತ್ತು ನಾನೇ ಮುಚ್ಚಿಸುತ್ತೇನೆ, ಯಾರ ಹಂಗೂ ಇಲ್ಲದೆ!

ಕಾರಣವಿತ್ತು. ರೇಡಿಯೊದಲ್ಲಿ ಹತ್ತು ನಿಮಿಷ ಮಾತಾಡಲು ನನಗೆ ಕರೆ ಬಂದಿತ್ತು. ವಿಷಯ, ಮನೆಯೊಳಗಿನ ಕಾಣದ ದುಡಿಮೆ. ಈ ಬಗ್ಗೆ ಇಪ್ಪತ್ತು ವರ್ಷಗಳ ಸಂಶೋಧನೆ ನನ್ನ ಬೆನ್ನು, ಮಂಡಿಗಳಲ್ಲೇ ಇರುವುದರಿಂದ ಗ್ರಂಥಾಲಯಕ್ಕೆ ಹೋಗುವ ಅಗತ್ಯ ಬೀಳಲಿಲ್ಲ. ಮನೆಯಲ್ಲೇ ರೆಕಾರ್ಡ್ ಮಾಡಿ ಎರಡು ಸಲ ಕಳಿಸಿದೆ. ಎರಡು ಸಲವೂ ಕಾರ್ಯಕ್ರಮದ ಸಂಪಾದಕಿ ವಾಪಸು ಮಾಡಿದರು.

"ಹಿಂದೆ ವಿಮಾನ ಹಾರಿದ ಹಾಗೆ ಕೇಳಿಸ್ತಿದೆ ಮೇಡಂ. ಇವತ್ತು ಐದು ಗಂಟೆಯೊಳಗೆ ಸರಿಯಾದದ್ದು ಬರ್ಲಿಲ್ಲ ಅಂದ್ರೆ, ನಿಮ್ಮ ಜಾಗಕ್ಕೆ ಗುಲಾಬಿ ಗಿಡ ಬೆಳೆಸೋ ಭಾಷಣ ಹಾಕ್ಬೇಕಾಗುತ್ತೆ."

ಹೋಗಿ ಹೋಗಿ ಗುಲಾಬಿ ಗಿಡಕ್ಕೆ ಸೋಲುವುದೇ?

ಆ ವಿಮಾನ ನನ್ನ ಗಂಡನ ಕಂಪ್ಯೂಟರು; ರೆಕಾರ್ಡ್ ಮಾಡುವ ಮೈಕು ಇದ್ದದ್ದೂ ಅದಕ್ಕೇ. ಗಾಜಿನ ಪಕ್ಕೆ, ಒಳಗೆ ಬಣ್ಣದ ದೀಪ, ಅದರ ಮಿದುಳು ಕಾಯದಂತೆ ಕೊಳವೆಯೊಳಗೆ ಹರಿಯುವ ದ್ರವ, ಆ ದ್ರವವನ್ನು ತಣಿಸಲು ಎರಡು ಫ್ಯಾನು. ಎಷ್ಟು ಬಿಸಿಯಾದರೆ ಫ್ಯಾನು ಎಷ್ಟು ವೇಗವಾಗಿ ತಿರುಗಬೇಕೆಂದು ಪರದೆಯ ಮೇಲೆ ಗೆರೆ ಎಳೆದು, ಇವರು ವಾರಗಟ್ಟಲೆ ತಿದ್ದಿದ್ದರು. ಅದಕ್ಕೆ ನಾಲ್ಕು ಡಿಗ್ರಿ ಹೆಚ್ಚಾದರೆ ಇವರ ಮುಖ ಬಾಡುತ್ತದೆ. ಅಡುಗೆಮನೆಯ ಹೊಗೆ ಎಳೆಯುವ ಫ್ಯಾನು ಕೆಟ್ಟು ಮಾತ್ರ ಎಂಟು ತಿಂಗಳಾಗಿತ್ತು.

"ರೀ, ಒಲೆ ಮುಂದೆ ನಿಂತಾಗ ನಾನು ಎಷ್ಟು ಡಿಗ್ರಿ ಇರ್ತೀನಿ ಅಂತ ಯಾವತ್ತಾದ್ರೂ ನೋಡಿದ್ದೀರಾ?" ಎಂದು ಒಮ್ಮೆ ಕೇಳಿದ್ದೆ.

"ನಿನಗೆ ಸೆನ್ಸರ್ ಇಲ್ವಲ್ಲೇ," ಎಂದರು, ಬಹಳ ಪ್ರಾಮಾಣಿಕವಾಗಿ.

ಅವತ್ತು ಇವರು ಪ್ರವಾಸದ ವಿಡಿಯೊಗಳನ್ನೆಲ್ಲ ಚಿಕ್ಕದು ಮಾಡುವ ಕೆಲಸವನ್ನು ಕಂಪ್ಯೂಟರಿಗೆ ಹಚ್ಚಿ ಕ್ಷೌರಕ್ಕೆ ಹೋಗಿದ್ದರು. ಫ್ಯಾನುಗಳು ಊಳಿಡುತ್ತಿದ್ದವು. ಫೋನ್ ಮಾಡಿದರೆ, ಅದನ್ನು ಮುಟ್ಟಬೇಡ, ಬಂದು ನೋಡ್ತೀನಿ ಎಂದರು. ಅಡುಗೆಮನೆಯ ಫ್ಯಾನಿಗೂ ಎಂಟು ತಿಂಗಳಿಂದ ಇದೇ ಆಶ್ವಾಸನೆ!

ಮುಟ್ಟಿದೆ. ಪರದೆಯ ಮೇಲೆ ಮೂರು ಸಾಲುಗಳಿದ್ದವು. ಮೊದಲೆರಡು ಫ್ಯಾನುಗಳದ್ದು, ಏರುತ್ತ ಇಳಿಯುತ್ತ ರಂಪ ಮಾಡುತ್ತಿದ್ದವು. ಅವನ್ನು ಹಿಡಿದು ಕಾಲು ಭಾಗಕ್ಕೆ ಇಳಿಸಿದೆ. ಮೂರನೆಯದು 'ಪಂಪ್' ಎಂಬ ಹೆಸರಿನ ನೆಟ್ಟನೆ ಗೆರೆ. ಗಾಜಿಗೆ ಕಿವಿಯಿಟ್ಟು ಕೇಳಿದರೂ ಅದರದ್ದೊಂದು ಉಸಿರಿಲ್ಲ. ಸದ್ದಿಲ್ಲ ಅಂದಮೇಲೆ ಕೆಲಸವೂ ಇಲ್ಲ. ಸುಮ್ಮನೆ ಕರೆಂಟು ತಿಂದು ಕೂತಿದೆ ಎಂದು ತೀರ್ಮಾನಿಸಿ, ಸೀದಾ ಸೊನ್ನೆಗೆ ಎಳೆದೆ. 'ನಿಮಗೆ ಖಂಡಿತ ಇದು ಬೇಕೇ?' ಎಂದು ಕೆಂಪು ಅಕ್ಷರ ಕೇಳಿತು. ಇಪ್ಪತ್ತು ವರ್ಷಗಳಲ್ಲಿ ಈ ಮನೆಯಲ್ಲಿ ನನಗೆ ಏನು ಬೇಕೆಂದು ಕೇಳಿದ ಮೊದಲ ಪ್ರಾಣಿ ಅದು. ಸಂತೋಷದಿಂದ ಹೌದು ಎಂದು ಒತ್ತಿದೆ.

ಆಹಾ, ಮೌನ! ಹೊರಗೆ ಬಟಾಣಿ ಸುಲಿಯುತ್ತಿದ್ದ ಅತ್ತೆಗೆ ರೆಕಾರ್ಡಿಂಗ್ ಇದೆ ಎಂದು ಹೇಳಿ ಬಾಗಿಲು ಹಾಕಿಕೊಂಡೆ. ಒಲೆಯ ಮೇಲಿಟ್ಟ ಕುಕ್ಕರ್ ಕೂಗಲಿಲ್ಲ. ಆ ಹೊತ್ತಿಗೆ ಬರುವ ನೀರಿನ ಕ್ಯಾನಿನವನು ಕರೆಗಂಟೆ ಒತ್ತಲಿಲ್ಲ. ಒಂದು ಗೆರೆ ಎಳೆದಿದ್ದಕ್ಕೆ ಇಡೀ ಮನೆಯೇ ಬೆದರಿ ತೆಪ್ಪಗಾಯಿತಲ್ಲ ಎಂದು ನನ್ನ ದನಿ ಇನ್ನೂ ಗಂಭೀರವಾಯಿತು.

"ಈ ಮನೆಯಲ್ಲಿ ದುಡಿಯುವ ಕೈಗಳು ಎರಡೇ. ಎರಡೂ ನನ್ನವು. ಸದ್ದು ಮಾಡುವವರಿಗೆ ಹೆಸರು. ಸದ್ದಿಲ್ಲದೆ ದುಡಿಯುವ ಜೀವವೊಂದು ಇತ್ತೆಂದು ಲೋಕಕ್ಕೆ ಗೊತ್ತಾಗುವುದು ಅದು ನಿಂತ ದಿನ..."

ಪರದೆ ಕಪ್ಪಾಯಿತು. ದೀಪಗಳು ಆರಿದವು. ಗಾಜು ಮುಟ್ಟಿದರೆ ಕಾದ ಕಾವಲಿ.

ಮತ್ತೆ ಫೋನ್ ಮಾಡಿದೆ. ಕತ್ತಿಗೆ ಕ್ಷೌರದ ಬಟ್ಟೆ ಕಟ್ಟಿಕೊಂಡೇ, ಅರ್ಧ ತಲೆ ಕತ್ತರಿಸಿಕೊಂಡು ಓಡಿ ಬಂದರು. ಹೆರಿಗೆ ನೋವಲ್ಲಿ ಕರೆದಾಗ ಚಹಾ ಮುಗಿಸಿ ಬಂದ ಮನುಷ್ಯ!

"ಪಂಪಿನ ಗೆರೆಯನ್ನ ಸೊನ್ನೆಗೆ ಎಳೆದಿದ್ದೀಯಲ್ಲೇ," ಎಂದು ತಲೆಯ ಮೇಲೆ ಕೈಹೊತ್ತರು. "ಫ್ಯಾನ್ ಬರೀ ಗಾಳಿ ಬೀಸುತ್ತೆ. ಒಳಗೆ ದ್ರವ ಹರಿಸೋದೇ ಪಂಪ್. ನಿಜವಾದ ಕೆಲಸ ಅದರದ್ದು."

"ಸದ್ದೇ ಮಾಡದಿದ್ರೆ, ಅದು ಕೆಲಸ ಮಾಡ್ತಿದೆ ಅಂತ ಯಾರಿಗ್ರೀ ಗೊತ್ತಾಗುತ್ತೆ?" ಎಂದು ರೇಗಿದೆ.

ಆ ಮಾತು ನನ್ನ ಕಿವಿಗೇ ಬಂದು ತಾಗಿತು. ಇವರು ಮೇಜಿನ ಮೇಲಿದ್ದ ನನ್ನ ಭಾಷಣದ ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಬಾಯಿಬಿಟ್ಟು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಯಂತ್ರ ತಣ್ಣಗಾದ ಮೇಲೆ ಪಂಪನ್ನು ಮೊದಲಿನಂತೆ ಓಡಿಸಿ, ವಿಡಿಯೊ ಕೆಲಸ ನಿಲ್ಲಿಸಿ, ಫ್ಯಾನುಗಳನ್ನು ನಾನಿಟ್ಟಷ್ಟಕ್ಕೇ ಇಟ್ಟುಕೊಟ್ಟರು. ಮೊದಲಿಂದ ಓದಿದೆ. ಸದ್ದಿಲ್ಲದೆ ದುಡಿಯುವ ಜೀವದ ಸಾಲನ್ನು ಮಾತ್ರ ಸ್ವಲ್ಪ ಬೇಗ ಓದಿ ಮುಗಿಸಿದೆ. ಐದಕ್ಕೆ ನಾಲ್ಕು ನಿಮಿಷ ಇರುವಾಗ ಕಳಿಸಿದೆ. ಗುಲಾಬಿ ಗಿಡ ಸೋತಿತು. ಇಷ್ಟು ನಿಶ್ಶಬ್ದ ಮನೆ ನಿಮಗೆ ಎಲ್ಲಿ ಸಿಕ್ಕಿತು ಮೇಡಂ ಎಂದು ಸಂಪಾದಕಿ ಕೇಳಿದ್ದರು.

ಫ್ಯಾನಿನ ವಿಷಯದಲ್ಲಿ ನನ್ನ ಪಾಂಡಿತ್ಯವನ್ನು ಹೇಗೆ ಬಣ್ಣಿಸಲಿ ಎಂದು ಯೋಚಿಸುತ್ತ ಹೊರಗೆ ಬಂದೆ. ಕರೆಗಂಟೆಯ ಸ್ವಿಚ್ ಆಫ್ ಆಗಿತ್ತು. ನೀರಿನ ಕ್ಯಾನು ಒಳಗೆ ಬಂದು ಕೂತಿತ್ತು. ಕುಕ್ಕರ್ ಕೂಗುವ ಮೊದಲೇ ಯಾರೋ ಇಳಿಸಿ, ಅದರಲ್ಲಿದ್ದುದನ್ನು ಪಾತ್ರೆಗೆ ಹಾಕಿ, ಮುಚ್ಚಿಟ್ಟು ಬೇಯಿಸಿದ್ದರು. ಒಣಗಿದ ಬಟ್ಟೆ ಮಡಚಿಟ್ಟಿತ್ತು. ಅತ್ತೆ ಮುಂಬಾಗಿಲಿಗೆ ಕುರ್ಚಿ ಹಾಕಿಕೊಂಡು, ಬಂದವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತ ಕೂತಿದ್ದರು.

"ಚೆನ್ನಾಗಿ ಓದಿದೆ ಕಣಮ್ಮ. ಎರಡು ಸಲವೂ ಕೇಳಿಸಿಕೊಂಡೆ," ಎಂದು ಅತ್ತೆ ಬಟಾಣಿ ಸಿಪ್ಪೆಗಳನ್ನು ಮಡಿಲಿಂದ ಕೊಡವಿ ಎದ್ದರು. "ಈ ಮನೇಲಿ ದುಡಿಯೋ ಕೈ ಎರಡೇ ಅಂದ್ಯಲ್ಲ, ನನ್ನ ಗೆರೆಯನ್ನ ಯಾವಾಗ ಸೊನ್ನೆಗೆ ಎಳೆದೆ?"