ಹಸಿರು ಒಲೆ ಒಂದು, ಹೆಂಗಸು ಸಮೇತ

ವಾಲ್ಡ್‌ಬ್ರುಕ್ ಪಟ್ಟಣದ ಷ್ರೋಫೆನೆಗ್ ಅರಮನೆಗೆ ಮುನ್ನೂರು ವರ್ಷಗಳ ಭವ್ಯ ಇತಿಹಾಸವಿದೆಯೆಂಬುದು ಪುರಸಭೆಯು ಬಹುಮತದಿಂದ ಅಂಗೀಕರಿಸಿದ ಸತ್ಯ. ಪರವಾಗಿ ಆರು ಮತ, ವಿರುದ್ಧ ಎರಡು; ಒಬ್ಬ ಸದಸ್ಯರು ಹಸುವಿನ ಹಾಲು ಕರೆಯಲು ಎದ್ದು ಹೋಗಿದ್ದರು. ಷ್ರೋಫೆನೆಗ್ ಮನೆತನದವರು ಕಣಿವೆಯ ದಾರಿಯಲ್ಲಿ ಉಪ್ಪಿನ ಗಾಡಿಗಳನ್ನು ತಡೆದು ಸುಲಿಯುತ್ತಿದ್ದದ್ದನ್ನು ಇನ್ನು ಮುಂದೆ 'ವ್ಯಾಪಾರಕ್ಕೆ ನೀಡಿದ ಪ್ರೋತ್ಸಾಹ' ಎಂದು ಓದಿಕೊಳ್ಳತಕ್ಕದ್ದು.

ಆ ಮನೆತನದ ಕೊನೆಯ ಕುಡಿ ಲಿಯೋನ್‌ಹಾರ್ಡ್. ಪಟ್ಟ ಪದವಿಗಳನ್ನೆಲ್ಲ ಕಾನೂನು ಕಿತ್ತುಹಾಕಿ ನೂರು ವರ್ಷ ದಾಟಿತು. ಹಾಗಾಗಿ ಕಾಗದದಲ್ಲಿ ಆತ ಬರೀ ಸ್ಕೀ ಬಾಡಿಗೆ ಕೊಡುವ ವ್ಯಾಪಾರಿ. ಎದುರಿಗೆ ಸಿಕ್ಕರೆ 'ದಣಿಗಳೇ'. ಊರಿನವರು ಇವತ್ತಿಗೂ ಟೋಪಿ ತೆಗೆದೇ ಮಾತಾಡಿಸುತ್ತಾರೆ. ಬೆನ್ನು ಬಗ್ಗಿಸುವುದನ್ನು ಯಾವ ಕಾನೂನೂ ತಡೆದಿಲ್ಲವಲ್ಲ.

ಈ ದಣಿಗಳಿಗೆ ಅರಮನೆಯ ನೆಲಮಹಡಿಯ ಬೆಚ್ಚನೆಯ ಕೋಣೆ ಬೇಕಾಯಿತು, ಪ್ರವಾಸಿಗರಿಗೆ ಕಾಫಿ ಮಾರುವುದಕ್ಕೆ. ಕೋಣೆಯಲ್ಲಿ ನೋಟ್‌ಬುರ್ಗಾ ಇದ್ದಳು. ಎಪ್ಪತ್ತನಾಲ್ಕು ವರ್ಷದ ಹಿಂದೆ ಅಲ್ಲೇ ಹುಟ್ಟಿದವಳು. ಅಜ್ಜಿ, ಅವ್ವ, ಆಮೇಲೆ ಅವಳು, ಮೂರು ತಲೆಮಾರು ಅರಮನೆಯ ದೊಡ್ಡ ಹಸಿರು ಒಲೆಗೆ ಸೌದೆ ಹಾಕಿದವರು. ಚಳಿ ಕಾಯಿಸಲು ಹಂಚು ಹೊದಿಸಿ ಕಟ್ಟಿದ ಆ ಒಲೆಯ ಮೈ ದಿವಾನಖಾನೆಯಲ್ಲಿ, ಬಾಯಿ ಹಿಂದಿನ ಈ ಕೋಣೆಯಲ್ಲಿ. ಬೆಂಕಿ ಹಾಕುವವರ ಮುಖ ದಣಿಗಳ ಕಣ್ಣಿಗೆ ಬೀಳಬಾರದೆಂದು ಕಟ್ಟಿದ್ದೇ ಹಾಗೆ. ಇಲ್ಲಿಂದ ಎಬ್ಬಿಸಿದರೆ ಎಲ್ಲಿಗೆ ಹೋಗಲಿ ಎಂಬುದೊಂದೇ ಅವಳ ಚಿಂತೆ.

ದಣಿಗಳು ಹೋಗು ಅನ್ನಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಪಾರಂಪರಿಕ ಕಟ್ಟಡಗಳ ಕಚೇರಿಗೆ ಒಂದು ಅರ್ಜಿ ಬರೆದರು, ಅಷ್ಟೇ. ಅಲ್ಲಿಂದ ಎಗಿಡ್ ಎಂಬ ಅಧಿಕಾರಿ ಬಂದು ಬಾಗಿಲಿಗೆ ಪ್ರಕಟಣೆ ಅಂಟಿಸಿದರು:

"೧೯೧೯ಕ್ಕೆ ಮುಂಚೆ ಇದ್ದದ್ದು ಮೂಲ. ಆಮೇಲೆ ಬಂದದ್ದು ಸೇರ್ಪಡೆ. ಸೇರ್ಪಡೆಗಳನ್ನು ಮೂವತ್ತು ದಿನಗಳೊಳಗೆ ತೆರವುಗೊಳಿಸತಕ್ಕದ್ದು."

ಅದರಂತೆ ಎರಡು ಸ್ವಿಚ್ಚು, ಒಂದು ಶೌಚಾಲಯ ಮತ್ತು ನೋಟ್‌ಬುರ್ಗಾ ಸೇರ್ಪಡೆಯ ಪಟ್ಟಿಗೆ ಹೋದರು. ದಣಿಗಳು ಹೋದ ವಾರ ತರಿಸಿದ ಕಾಫಿ ಯಂತ್ರ ಮಾತ್ರ ಮೂಲವೆಂದು ತೀರ್ಮಾನವಾಯಿತು. ಮನೆತನದವರು ಹಿಂದೆಯೂ ಕಾಫಿ ಕುಡಿಯುತ್ತಿದ್ದರೆಂಬುದಕ್ಕೆ ದಾಖಲೆಯಿತ್ತು.

"ನಾನು ಹೋದ್ರೆ ಒಲೆಗೆ ಬೆಂಕಿ ಹಾಕೋರು ಯಾರು ಸ್ವಾಮಿ?" ಎಂದು ನೋಟ್‌ಬುರ್ಗಾ ಕೇಳಿದಳು.

"ಒಲೆ ಮೂಲ ಅಮ್ಮಾ. ನೀವು ಸೇರ್ಪಡೆ," ಎಂದರು ಎಗಿಡ್, ಬೇಸರವಿಲ್ಲದೆ.

ಅವಳು ಅಳಲಿಲ್ಲ. ಸೌದೆ ಕಪಾಟಿನ ಬಾಗಿಲು ತೆರೆದು ತೋರಿಸಿದಳು. ಪ್ರತಿ ವರ್ಷ ಸಂತ ಮಾರ್ಟಿನ್ನನ ಹಬ್ಬಕ್ಕೆ ಕೋಣೆ ಕೋಣೆಯ ಸಾಮಾನು ಬರೆಸಿ, ಮೊಹರು ಒತ್ತಿ ಬಾಗಿಲ ಹಿಂದೆ ಅಂಟಿಸುವುದು ಆ ಮನೆತನದ ಪದ್ಧತಿಯಾಗಿತ್ತು. ೧೯೧೧ರ ಚೀಟಿ ಇನ್ನೂ ಅಲ್ಲೇ ಇತ್ತು. "ಹಸಿರು ಒಲೆ ಒಂದು, ಹೆಂಗಸು ಸಮೇತ. ಚಿಮಟ ಎರಡು."

ಎಗಿಡ್ ಭೂತಗನ್ನಡಿ ಹಿಡಿದು ಮೂರು ಸಲ ಓದಿದರು. ಜೊತೆಗೆ ಬಂದಿದ್ದ ದಣಿಗಳ ಮುಖ ಹುಳ್ಳಗಾಯಿತು.

"ಹೆಸರೇ ಬರೆದಿಲ್ಲವಲ್ಲ?"

"ಚಿಮಟಕ್ಕೂ ಹೆಸರಿಲ್ಲ ದಣಿಗಳೇ. ಆದರೂ ಅದು ಮೂಲವೇ," ಎಂದರು ಅಧಿಕಾರಿ.

"ಆ ಹೆಂಗಸು ಇವಳ ಅಜ್ಜಿ ಕಣ್ರೀ. ಸತ್ತು ಯಾವ ಕಾಲವಾಯ್ತು!"

"ಹಂಚು ಒಡೆದರೆ ಅದೇ ಮಣ್ಣಿನ ಹಂಚು ಕೂರಿಸಲು ಹದಿನಾಲ್ಕನೇ ನಿಯಮದಲ್ಲಿ ಅವಕಾಶವಿದೆ," ಎಂದರು ಎಗಿಡ್. ಅವರಿಗೆ ಕರುಣೆಯಿತ್ತೆಂದು ಯಾರೂ ತಪ್ಪು ತಿಳಿಯಬಾರದು, ನಿಯಮವಿತ್ತು.

ಹೀಗೆ ನೋಟ್‌ಬುರ್ಗಾಳ ಕೋಣೆ ಉಳಿಯಿತು. ಒಲೆಗೆ ೪೭, ಅವಳಿಗೆ ೪೭/ಬ ಎಂದು ಹಿತ್ತಾಳೆ ಬಿಲ್ಲೆ ಬಂತು, ಸುತ್ತ ಹಗ್ಗ ಕಟ್ಟಿದರು. ದಣಿಗಳ ಸಿಟ್ಟು ಒಂದೇ ವಾರದಲ್ಲಿ ಇಳಿಯಿತು. ಒಲೆ ನೋಡಲು ಬರುತ್ತಿದ್ದವರಿಗಿಂತ ಒಲೆಯ ಹೆಂಗಸನ್ನು ನೋಡಲು ಬರುವವರು ಮೂರು ಪಟ್ಟು, ಅವರೆಲ್ಲ ದಿವಾನಖಾನೆಯಲ್ಲಿ ಕಾಫಿ ಕುಡಿಯದೆ ಹೋಗುತ್ತಿರಲಿಲ್ಲ. ನಾಚಿಕೆಯೆಂಬುದು ಆ ವಂಶದಲ್ಲಿ ಸೇರ್ಪಡೆಯಾಗಿಯೂ ಇರಲಿಲ್ಲ.

ಮೂಲ ವಸ್ತುವಿಗೆ ಕಟ್ಟುಪಾಡು ಇರುವುದು ಸಹಜ. ಅವಳು ನೈಲಾನ್ ಕಾಲುಚೀಲ ಹಾಕುವಂತಿಲ್ಲ. ಅಂಗಳದಾಚೆಯ ಚರ್ಚಿಗೆ ಹೋಗಬೇಕಾದರೆ ಸಾಗಣೆ ಪರವಾನಗಿ ಬೇಕು, ಹುಲ್ಲು ತುಂಬಿದ ಪೆಟ್ಟಿಗೆಯೂ ಬೇಕು. ಪೆಟ್ಟಿಗೆಯಲ್ಲಿ ಎರಡು ಭಾನುವಾರ ಹೋಗಿಬಂದು, ಆಮೇಲೆ ದೇವರನ್ನು ಕೂತಲ್ಲೇ ನೆನೆದಳು. ಕಣ್ಣಿಗೆ ಪೊರೆ ಬಂದಾಗ ಶಸ್ತ್ರಚಿಕಿತ್ಸೆಗೆ ಅರ್ಜಿ ಹಾಕಿದಳು. ಉತ್ತರ ಬರಲು ಏಳು ತಿಂಗಳಾಯಿತು. ಅಷ್ಟರಲ್ಲಿ ಓದಲು ಕಣ್ಣು ಸಾಲದೆ ಎಗಿಡ್ ಅವರೇ ಓದಿ ಹೇಳಬೇಕಾಯಿತು.

"ಪೊರೆಯು ಕಾಲಸಹಜವಾಗಿ ಮೂಡಿದ್ದು, ವಸ್ತುವಿನ ಪ್ರಾಚೀನತೆಗೆ ಸಾಕ್ಷಿಯಾಗಿದೆ. ತೆಗೆಯತಕ್ಕದ್ದಲ್ಲ. ಒಣ ಬಟ್ಟೆಯಿಂದ ಒರೆಸಬಹುದು."

"ಕೋಣೆ?" ಎಂದಳು ಅವಳು.

"ಕೋಣೆ ನಿಮ್ಮದೇ ಅಮ್ಮಾ. ನಿಮ್ಮನ್ನ ಇಲ್ಲಿಂದ ಯಾರೂ ಅಲ್ಲಾಡಿಸೋ ಹಾಗಿಲ್ಲ."

ಅವಳು ಸಮಾಧಾನದಿಂದ ತಡವರಿಸಿ ಒಂದು ಸೌದೆ ಒಳಗೆ ತಳ್ಳಿದಳು.

ಜನವರಿಯಲ್ಲಿ, ಮೂರು ಅರಸರ ಹಬ್ಬದಂದು ಪಾದ್ರಿ ಕಾಸ್ಸಿಯಾನ್ ಧೂಪ ಹಿಡಿದು ಮನೆ ಹರಸಲು ಬಂದರು. ವಾಡಿಕೆಯಂತೆ ಬಾಗಿಲ ಮೇಲೆ ಸೀಮೆಸುಣ್ಣದಿಂದ ವರ್ಷ ಬರೆದು, ಹಗ್ಗದಾಚೆ ಬಗ್ಗಿ ಅವಳ ತಲೆಯ ಮೇಲೆ ಕೈಯಿಡಹೋದರು.

"ಮುಟ್ಟಬಾರದು ಫಾದರ್," ಎಂದಳು ನೋಟ್‌ಬುರ್ಗಾ. "ಬೆವರು ತಾಗಿದ್ರೆ ಮೂಲಕ್ಕೆ ಧಕ್ಕೆ."

ಪಾದ್ರಿಗಳು ತಪ್ಪಾಯಿತೆಂದು ಒಪ್ಪಿಕೊಂಡು, ಕೈಗವಸು ಹಾಕಿಕೊಂಡು ಆಶೀರ್ವದಿಸಿದರು.