ಉಪವಾಸ ಬಿದ್ದ ಗೋದಿ ಸಸಿ

ಇಂಡಿ ಪಟ್ಟಣದ ಒಂದು ಓಣಿಯಲ್ಲಿ ಗದ್ದಲವಾಗಲು ಕಾರಣ, ಚೇತನಕುಮಾರನ ಗೋದಿ ಸಸಿಗಳು ಹಳದಿಯಾದದ್ದು. ಅವನೇ ಬೇಕಂತ ಹಾಗೆ ಮಾಡಿದ್ದ.

೨೦೦೪ನೇ ಇಸವಿ. ಧಾರವಾಡದಲ್ಲಿ ಕೃಷಿ ಎಂ.ಎಸ್ಸಿ. ಓದುತ್ತಿದ್ದ ಅವನು ಸೂಟಿಯಲ್ಲಿ ಮನೆಯ ಮಾಳಿಗೆ ಮೇಲೆ ಪ್ಲಾಸ್ಟಿಕ್ ಟ್ರೇಯ ನೀರಿನಲ್ಲೇ ಗೋದಿ ಬೆಳೆಸಿದ್ದ. ಆ ನೀರಿನಲ್ಲಿ ಎಲ್ಲ ಪೋಷಕಾಂಶ ಇದ್ದವು, ಸತು ಮಾತ್ರ ಇರಲಿಲ್ಲ. ಸಂಜೆ ಗೈಡ್ ವಿದ್ಯಾವತಿ ಮೇಡಂ ಬರ್ಫದ ಡಬ್ಬಿಯೊಂದಿಗೆ ಬಂದು ಪರೀಕ್ಷೆಗೆಂದು ಬೇರು ಕತ್ತರಿಸಿಕೊಂಡು ಹೋಗುವವರಿದ್ದರು. ಅಲ್ಲಿಯವರೆಗೆ ಚಿಟಿಕೆ ಸತು ಒಳಗೆ ಹೋದರೂ ಚೇತನನ ವರ್ಷವೇ ನೀರುಪಾಲು.

"ಸತು ಸಿಗಲಿಲ್ಲಂದ್ರ ಬೇರಿನ್ಯಾಗ ಒಂದು ಜೀನ್ ಎಚ್ಚರಾಗ್ತೈತಿ ಆಯಿ," ಎಂದು ಅವನು ಬಾಜೂ ಮನೆ ರುಕ್ಮವ್ವನಿಗೆ ಎದೆಯುಬ್ಬಿಸಿ ಹೇಳಿದ. "ಅದು ಪ್ರೋಟೀನ್ ಮಾಡ್ತೈತಿ. ಆ ಪ್ರೋಟೀನ್ ಬಾಗಲಾ ಇದ್ದಂಗ, ಸತು ಎಲ್ಲಿದ್ರೂ ಒಳಗ ಎಳಕೊಂತೈತಿ. ಹೊಟ್ಟಿ ತುಂಬಿತಂದ್ರ ಜೀನ್ ಮತ್ತ ಮಲಗ್ತೈತಿ."

"ಹಸದ್ರ ಯಾರಿಗಿ ನಿದ್ದಿ ಬರ್ತೈತೋ? ಇದಕ್ಕ ಧಾರವಾಡಕ್ಕ ಹೋಗಬೇಕಿತ್ತೇನು?" ಎಂದಳು ರುಕ್ಮವ್ವ. ಆಕೆಯ ಕಣ್ಣೆದುರು ಬೀದಿನಾಯಿಯೂ ಉಪವಾಸ ಮಲಗುತ್ತಿರಲಿಲ್ಲ. "ಪಾಪ, ಕೂಸಿನಂಥಾ ಸಸಿ! ಅನ್ನ ಬಿಡಿಸಿ ಧಿಮಾಕ ಮಾಡಾಕತ್ತಿಯಲ್ಲೋ!"

ಚೇತನ ಜಳಕ ಮುಗಿಸಿ ಬರುವಷ್ಟರಲ್ಲಿ ನಿಂಬೆ ತೋಟದ ಜೈನುದ್ದೀನ ಕಾಕಾ ಮಾಳಿಗೆ ಹತ್ತಿದ್ದರು. ಕೈಯಲ್ಲಿ ಬಿಳಿ ಪುಡಿ, ಹಿಂದೆ ರುಕ್ಮವ್ವ.

"ಕಾಕಾ, ಏನದು?"

"ನಿಂಬಿ ಗಿಡಕ್ಕ ಹೊಡಿಯೂ ಸತುವಿನ ಪುಡಿ. ಆಯಿ ಅಳಾಕತ್ತಿದ್ಳು. ಒಂದ ಚಿಟಿಗಿ ಹಾಕಿ ಹೋಗ್ತೇನಿ."

ಚೇತನ ಬಾಲ ತುಳಿದ ಬೆಕ್ಕಿನಂತೆ ಹಾರಿದ. ಪುಡಿಯೆಲ್ಲ ಅವನ ಒದ್ದೆ ತಲೆಗೇ ಬಿತ್ತು. ಟ್ರೇಯ ಒಂದು ತುದಿಯನ್ನು ಅವನು ಹಿಡಿದ, ಇನ್ನೊಂದನ್ನು ರುಕ್ಮವ್ವ ಹಿಡಿದಳು. ಟ್ರೇ ಫಟ್ಟನೆ ಸೀಳಿತು. ನೀರು ಹರಿದುಹೋಗಿ, ಸಸಿಗಳು ದಡಕ್ಕೆ ಬಿದ್ದ ಮೀನಿನಂತೆ ಮಲಗಿದವು.

"ಬೇರು ಒಣಗ್ತಾವು! ಏನರೆ ಕೊಡ್ರಿ!" ಎಂದು ಚೇತನ ಚೀರಿದ.

ಜೈನುದ್ದೀನ ಕಾಕಾ ಓಡಿಹೋಗಿ ತಗಡಿನ ಹೊಸ ಬಕೀಟು ತಂದರು. ಕನ್ನಡಿಯಂತೆ ಹೊಳೆಯುತ್ತಿತ್ತು. ಚೇತನ ಅದನ್ನು ತೊಳೆದ, ಮತ್ತೆ ತೊಳೆದ. ಬ್ಯಾಟರಿಗೆ ಹಾಕುವ, ಭಟ್ಟಿ ಇಳಿಸಿದ ಶುದ್ಧ ನೀರು ತುಂಬಿ ಸಸಿ ಇಟ್ಟ. ಆಮೇಲೆ ಬಿಸಿಲಲ್ಲಿ ಕೊಡೆ ಹಿಡಿದು, ಬಡಿಗೆ ಹಿಡಿದು, ಊಟವನ್ನೂ ಬಿಟ್ಟು ಕಾವಲು ಕುಳಿತ. ಒಂದು ಇರುವೆಯನ್ನೂ ಹತ್ತಿರ ಬಿಡಲಿಲ್ಲ.

ಸಂಜೆ ಮೇಡಂ ಬಂದಾಗ ಓಣಿಗೆ ಓಣಿಯೇ ಮಾಳಿಗೆ ಮೇಲಿತ್ತು.

"ಹಳದಿ ಭಾಳ ಚಲೋ ಬಂದೈತಿ ಚೇತನ," ಎಂದರು ಮೇಡಂ. ಚೇತನ ಎರಡು ಇಂಚು ಎತ್ತರವಾದ. ಮೇಡಂ ಕತ್ತರಿ ತೆಗೆದು ಬಗ್ಗಿದರು. ಬಗ್ಗಿದವರು ಹಾಗೇ ನಿಂತು ಬಕೀಟನ್ನು ಬೆರಳಿಂದ ಬಾರಿಸಿದರು. ಠಣ್!

"ಇದ್ರಾಗ ಯಾವಾಗಿಂದ ಅದಾವು?"

"ಮುಂಜಾನಿಯಿಂದ್ರಿ ಮೇಡಂ! ನಾನ ಕಾವಲಿದ್ದೇನ್ರಿ. ಸತುವಿನ ಗಾಳಿನೂ ಸೋಕಿಲ್ರಿ!"

"ಶಾಣ್ಯಾ. ತಗಡಿಗಿ ಜಂಗ-ತುಕ್ಕ ಹಿಡೀಬಾರ್ದಂತ ಏನು ಲೇಪ ಕೊಟ್ಟಿರ್ತಾರ, ಹೇಳು?"

ಚೇತನ ಹೊಳೆಯುವ ಬಕೀಟಿನತ್ತ ಬಗ್ಗಿ ನೋಡಿದ. "ಸ... ಸತುರಿ."

"ನೀರಿಗಿ ಇಳದಿರ್ತೈತಿ. ನಿನ್ನ ಜೀನ್ ಊಟಾ ಮಾಡಿ ಯಾವಾಗೋ ಮಲಗೈತಿ. ಮೊದಲಿಂದ ಮತ್ತ ಗೋದಿ ಬಿತ್ತು," ಎಂದು ಮೇಡಂ ಬರ್ಫದ ಡಬ್ಬಿ ಮುಚ್ಚಿದರು.

ರುಕ್ಮವ್ವ ಜನರನ್ನು ಸರಿಸಿ ಮುಂದೆ ಬಂದು ಚೇತನನ ಮುಖಕ್ಕೆ ನಿವಾಳಿಸಿ ಲಟಲಟ ಲಟಿಕೆ ಮುರಿದಳು.

"ಕೇಳಿದ್ರೇನ್ರಿ ಎಲ್ಲಾರೂ? ನಮಗ ಹಾಕಗೊಡದ ತಾನ ಕುಂತು ಉಣಿಸ್ಯಾನ! ನಮ್ಮ ಓಣಿ ಹುಡುಗ ಅಂದ್ರ ಹಿಂಗಿರಬೇಕು!"