ಏಳನೆಯ ಸಾಲಿನ ಹುಲಿಯ ಬಗ್ಗೆ, ಸುರಕ್ಷತಾ ಕ್ಯಾಮರಾದವರಿಗೆ

ಮಾನ್ಯರೇ,

ಗಲ್ಫಿನ ಜೆಬೆಲ್ ಅಲಿ ಬಂದರಿನ ನಮ್ಮ ಗೋದಾಮಿನ ಏಳನೆಯ ಸಾಲಿನ ಮೇಲೆ ಹದಿನಾಲ್ಕು ಅಡಿ ಎತ್ತರದಲ್ಲಿ ವಿರಾಜಮಾನರಾಗಿ, ನಮ್ಮ ಚಲನವಲನ ನೋಡಿ ತಾವಾಗಿಯೇ ವರದಿ ಬರೆಯುವ ತಮಗೆ, ಅದೇ ಸಾಲಿನಲ್ಲಿ ಹದಿನೆಂಟು ವರ್ಷದಿಂದ ಪೆಟ್ಟಿಗೆ ಎತ್ತುತ್ತಿರುವ ಪೂವಪ್ಪನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವನ್ನು ಕಾಗದದ ಮೇಲೆಯೇ ಮಾಡುತ್ತಿದ್ದೇನೆ. ನೆಲದ ಮೇಲೆ ಮಾಡಿದರೆ ತಾವು ಸ್ಟ್ರೆಚರ್ ಕರೆಸುತ್ತೀರಿ.

ಕಂಪನಿಯ ಆರೋಗ್ಯ ವಿಭಾಗದವರು ‘ದಿನವೂ ಸಂತೋಷದಿಂದ ಮೈ ಆಡಿಸಿ’ ಎಂದು ಎಲ್ಲರಿಗೂ ಮೇಲ್ ಕಳಿಸಿದ್ದು ತಮಗೂ ಗೊತ್ತಿರಬಹುದು. ನಾನು ವಿಧೇಯ ಮನುಷ್ಯ. ರೂಮಿನಲ್ಲಿ ಕೈ ಎತ್ತಿದರೆ ಮೇಲಿನ ಮಂಚದ ಫೆಲಿಕ್ಸನ ಕಾಲಿಗೆ ತಾಗುತ್ತದೆ. ಆದ್ದರಿಂದ ಚಹಾದ ಬಿಡುವಿನಲ್ಲಿ, ಫೋರ್ಕ್‌ಲಿಫ್ಟ್ ಓಡಿಸುವ ಗೆಳೆಯ ಇದಿನಬ್ಬ ಖಾಲಿ ರಟ್ಟಿನ ಪೆಟ್ಟಿಗೆಯನ್ನೇ ತಾಸೆ ಮಾಡಿಕೊಂಡು ಬಡಿಯುತ್ತಿದ್ದರೆ, ಪ್ರಾಯದಲ್ಲಿ ಉಡುಪಿಯ ಅಷ್ಟಮಿಗೆ ಹುಲಿವೇಷ ಹಾಕಿ ಕುಣಿದ ಹೆಜ್ಜೆಗಳನ್ನು ಏಳೇ ಏಳು ನಿಮಿಷ ಹಾಕತೊಡಗಿದೆ.

ಮೊದಲ ದಿನ ತಾವು ಅದನ್ನು ಅಪಸ್ಮಾರ ಎಂದಿರಿ. ನನ್ನನ್ನು ಹೊತ್ತುಕೊಂಡು ಹೋದರು. ನರ್ಸ್ ಮಿಸ್ರಿಯಾ ಪರೀಕ್ಷಿಸಿ, “ನಿಮಗೆ ಎಂತ ಸಹ ಆಗ್ಲಿಲ್ಲ ಅಣ್ಣ, ಬಿಪಿ ಇವತ್ತೇ ಚಂದ ಉಂಟು” ಎಂದು ನಕ್ಕಳು. ಎರಡನೆಯ ಸಲ ನಾನು ಕಾಲೆತ್ತಿ ಹಾರಿದ್ದನ್ನು ಸರಕಿನ ಮೇಲಿನ ದಾಳಿ ಎಂದು ಫೋಟೊ ಸಮೇತ ವರದಿ ಮಾಡಿದಿರಿ. ಎಚ್ಚರಿಕೆ ಪತ್ರ ಬಂತು: ಇನ್ನೊಮ್ಮೆ ಕಂಡರೆ ವೀಸಾ ನವೀಕರಣವಿಲ್ಲ. “ಖಲಾಸ್ ಪೂವಪ್ಪಣ್ಣ, ಹುಲಿಯನ್ನು ಇನ್ನು ಗೂಡಿಗೆ ಹಾಕುವ” ಎಂದು ಇದಿನಬ್ಬ ಪೆಟ್ಟಿಗೆ ಮಡಚಿಟ್ಟ.

ತಮ್ಮ ಗಮನಕ್ಕೆ ನಾನು ಋಣಿ. ಹೆಂಡತಿ ಅಪ್ಪಿ ಕೂಡ ವಿಡಿಯೋ ಕಾಲಿನಲ್ಲಿ ನನ್ನನ್ನು ಇಷ್ಟು ದಿಟ್ಟಿಸಿ ನೋಡಿದವಳಲ್ಲ. ಆದರೆ ದಿನಕ್ಕೆ ಎಂಟು ಗಂಟೆ ಸೊಂಟ ಹಿಡಿದುಕೊಂಡು, ಹಲ್ಲು ಕಚ್ಚಿ ಭಾರ ಎತ್ತುವುದನ್ನು ತಾವು ‘ಸಾಮಾನ್ಯ ಚಲನೆ’ ಎಂದು ಬರೆದುಕೊಳ್ಳುತ್ತೀರಿ. ನಗುತ್ತಾ ಕುಣಿದ ಏಳು ನಿಮಿಷ ಮಾತ್ರ ಅಪಾಯ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ಕುಣಿಯಲು ಬರುತ್ತದೆ, ನೆಲವೂ ನೆಟ್ಟಗಿದೆ, ತಮ್ಮ ವರದಿಯೊಂದೇ ಡೊಂಕು. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ತುಂಬಾ ಸಂತೋಷವಾಗುತ್ತಿತ್ತು. ಸೊಂಟದ ನೋವು ಮರೆತೇ ಹೋಗುತ್ತಿತ್ತು. ಕುಣಿತ ನಿಲ್ಲಿಸಿ ಹನ್ನೆರಡು ದಿನವಾಯಿತು, ನೋವು ಮರಳಿ ಬಂದಿದೆ.

ಆದ್ದರಿಂದ ಚಹಾದ ಬಿಡುವಿನಲ್ಲಿ ದಯವಿಟ್ಟು ಕತ್ತನ್ನು ಎಂಟನೆಯ ಸಾಲಿನ ಕಡೆಗೆ ತಿರುಗಿಸಿ. ಅದಾಗದಿದ್ದರೆ ಬರುವ ಅಷ್ಟಮಿಗೆ ಕಂಪನಿಯ ಖರ್ಚಿನಲ್ಲಿ ಉಡುಪಿಗೆ ದಯಮಾಡಿಸಿ, ಹುಲಿಗೂ ಅಪಸ್ಮಾರಕ್ಕೂ ಇರುವ ವ್ಯತ್ಯಾಸ ಕಲಿತು ಬನ್ನಿ. ಅದೂ ಆಗದಿದ್ದರೆ ತಾವೇ ಎಡಕ್ಕೂ ಬಲಕ್ಕೂ ನಾಲ್ಕು ಸಲ ತೂಗಾಡಿ. ವರ್ಷವಿಡೀ ಗೋಡೆಗೆ ಬಿಗಿದುಕೊಂಡಿರುವ ತಮ್ಮ ಕತ್ತಿನ ಬಗ್ಗೆಯೂ ನನಗೆ ಚಿಂತೆಯಾಗಿದೆ.

ಸದ್ಯಕ್ಕೆ ಅಲುಗಾಡದೆ ನಿಂತಿರುವ,
ತಮ್ಮ ವಿಶ್ವಾಸಿ,
ಪೂವಪ್ಪ

ವಿ.ಸೂ.: ನಿನ್ನೆ ಊಟದ ಕೋಣೆಯಲ್ಲಿ ‘ಚಲನೆಯೇ ಸಂತೋಷ’ ಎಂಬ ದೊಡ್ಡ ಪೋಸ್ಟರ್ ಹಚ್ಚಿದ್ದಾರೆ. ಅದರಲ್ಲಿ ಕಾಲೆತ್ತಿ ನಗುತ್ತಿರುವವನು ನಾನೇ. ತಾವು ಎರಡನೆಯ ವರದಿಗೆ ತೆಗೆದ ಫೋಟೊ. ಪಕ್ಕದಲ್ಲೇ ನನ್ನ ಎಚ್ಚರಿಕೆ ಪತ್ರದ ಪ್ರತಿಯನ್ನೂ ಎಲ್ಲರ ತಿಳಿವಳಿಕೆಗಾಗಿ ಅಂಟಿಸಿದ್ದಾರೆ. ಎರಡರ ಕೆಳಗೂ ಇರುವುದು ಒಬ್ಬರದೇ ಸಹಿ.